ಒಂದು ದಿನದ ಕೀರ್ತಿ, ನಾಲ್ಕು ದಿನಗಳ ಲೆಕ್ಕ

ಇತರ ಅನೇಕ ಆಟಗಳಲ್ಲಿ ಎಣಿಕೆಯು ಏರಿದಷ್ಟೂ ಗೌರವ. ಗಾಲ್ಫಿನಲ್ಲಿ ಇಳಿದಷ್ಟೂ ಗೌರವ. ಹದಿನೆಂಟು ಕುಳಿಗಳ ಒಂದು ಸುತ್ತನ್ನು ಅರುವತ್ತಕ್ಕಿಂತ ಕಡಮೆ ಹೊಡೆತಗಳಲ್ಲಿ ಮುಗಿಸುವುದು ಆಟವನ್ನೇ ವೃತ್ತಿಯನ್ನಾಗಿಸಿಕೊಂಡವರಿಗೂ ದುರ್ಲಭ. 1977ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಆಲ್ ಗೈಬರ್ಗರ್ ಅವರು 59 ಹೊಡೆತಗಳಲ್ಲಿ ಸುತ್ತನ್ನು ಮುಗಿಸಿ, ಪಿ. ಜಿ. ಎ. ಟೂರ್ ಪಂದ್ಯಗಳಲ್ಲಿ ಈ ಸಾಧನೆಗೈದವರಲ್ಲಿ ಮೊದಲಿಗರೆನಿಸಿದರು. ಆ ಪಂದ್ಯವನ್ನೂ ಗೆದ್ದರು. 2016ರ ಆಗಸ್ಟ್ 7ರಂದು ಕನೆಕ್ಟಿಕಟ್ ಸಂಸ್ಥಾನದಲ್ಲಿ, 46 ವರ್ಷದ ಜಿಮ್ ಫ್ಯೂರಿಕ್ ಅವರು ಅದನ್ನೂ ಮೀರಿ ಎಣಿಕೆಯನ್ನು 58ಕ್ಕೆ ಇಳಿಸಿದರು.

ಆದರೆ ಆ ಪಂದ್ಯದಲ್ಲಿ ಫ್ಯೂರಿಕ್ ಅವರಿಗೆ ಲಭಿಸಿದುದು ಐದನೆಯ ಸ್ಥಾನ. ಅದೂ ಇತರರೊಡನೆ ಹಂಚಿಕೊಂಡದ್ದು! ಕಾರಣವು ಸರಳ. ಮೊದಲ ಮೂರು ದಿನಗಳಲ್ಲಿ ಅವರ ಹೊಡೆತಗಳು ಕ್ರಮವಾಗಿ 73, 66, 72. ನಾಲ್ಕು ದಿನಗಳ ಮೊತ್ತ 269. ವಿಜೇತರಾದ ರಸೆಲ್ ನಾಕ್ಸ್ ಅವರದು 266. ಒಂದು ದಿನದ ಅದ್ಭುತವು ಉಳಿದ ದಿನಗಳ ಬಾಕಿಯನ್ನು ತೀರಿಸಲಾರದೆಂಬುದು ಇದರಿಂದ ಸ್ಪಷ್ಟ.

ಆದರೂ ನಮ್ಮ ಮನಸ್ಸನ್ನು ಸೆಳೆಯುವುದು ಇನ್ನೊಂದು ಅಂಶ. ಬಹುಮಾನವು ಬಹುಮಟ್ಟಿಗೆ ಕೈಮೀರಿದ್ದ ದಿನವೇ ಫ್ಯೂರಿಕ್ ತಮ್ಮ ಜೀವಮಾನದ ಶ್ರೇಷ್ಠ ಸುತ್ತನ್ನು ಆಡಿದರು. ಫಲವು ದೂರವಾದೊಡನೆ ಕೈಚೆಲ್ಲುವ ಅಭ್ಯಾಸವು ನಮ್ಮ ಸಭೆಗಳಲ್ಲಿಯೂ ಕಚೇರಿಗಳಲ್ಲಿಯೂ ಅಪರೂಪವಲ್ಲ. ಆರಂಭದ ಉತ್ಸಾಹವು ತಣ್ಣಗಾದ ಮೇಲೆ ಎಷ್ಟು ಒಳ್ಳೆಯ ಕೆಲಸಗಳು ಅರ್ಧದಲ್ಲಿಯೇ ನಿಂತಿಲ್ಲ! ಗೆಲವಿನ ಆಸೆಯಿಲ್ಲದ ದಿನವೂ ಪೂರ್ಣ ಮನಸ್ಸಿನಿಂದ ದುಡಿಯುವವನನ್ನು ಗೌರವಿಸಲು ಕಲಿತ ಸಮಾಜವೇ ನಾಳಿನ ಗೆಲವಿಗೆ ಅರ್ಹವೆಂದು ನಾವು ನಂಬುತ್ತೇವೆ.