ಕೊಲಂಬೊದಲ್ಲಿ ಕಡಲನ್ನು ತಡೆದು ಕಟ್ಟಿದ ಬಂದರು

2021ರಲ್ಲಿ ಕೊಲಂಬೊ ಬಂದರಿನಲ್ಲಿ ಇಳಿದು ಏರಿದ ಕಂಟೇನರುಗಳು, ಇಪ್ಪತ್ತಡಿ ಪೆಟ್ಟಿಗೆಯ ಲೆಕ್ಕದಲ್ಲಿ, 72 ಲಕ್ಷಕ್ಕೂ ಹೆಚ್ಚು. ಸುಮಾರು 2.2 ಕೋಟಿ ಜನರಿರುವ ದ್ವೀಪಕ್ಕೆ ಇಷ್ಟು ಸರಕು ಬೇಕಿಲ್ಲ. ಐದರಲ್ಲಿ ಸುಮಾರು ನಾಲ್ಕು ಪಾಲು ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಏರಿ ಹೋಗುವಂಥವು. ಅವುಗಳಲ್ಲಿ ಬಹುಪಾಲು ಭಾರತದ ಸರಕು. ಏಷ್ಯಾ–ಯುರೋಪ್ ಹಡಗುದಾರಿ ಶ್ರೀಲಂಕಾದ ದಕ್ಷಿಣ ತುದಿಗೆ ತೀರ ಹತ್ತಿರದಲ್ಲಿ ಹಾದುಹೋಗುವುದರಿಂದ ದೈತ್ಯ ಹಡಗುಗಳಿಗೆ ಇಲ್ಲಿ ನಿಲ್ಲುವುದು ಲಾಭದಾಯಕ.

ಆದರೆ ಇಂಥ ಬಂದರಿನ ವಿನ್ಯಾಸ ಕ್ರೇನುಗಳಿಂದ ಶುರುವಾಗುವುದಿಲ್ಲ, ಅಲೆಯಿಂದ ಶುರುವಾಗುತ್ತದೆ. ಕೊಲಂಬೊ ನೈರುತ್ಯ ಮುಂಗಾರಿಗೆ ನೇರವಾಗಿ ಎದೆಯೊಡ್ಡಿದ ಕರಾವಳಿ. ಬ್ರಿಟಿಷ್ ಎಂಜಿನಿಯರ್ ಜಾನ್ ಕೂಡ್ ವಿನ್ಯಾಸದಂತೆ 1875ರಲ್ಲಿ ಇಲ್ಲಿ ಅಲೆತಡೆಗೋಡೆಯ ಕೆಲಸ ಆರಂಭವಾಯಿತು. ಅದು ಮುಗಿದ ಮೇಲೆ, ಅಲ್ಲಿಯವರೆಗೆ ಗಾಲೆ ಬಂದರಿನ ಬಂಡೆಗಳ ನಡುವೆ ಹುಷಾರಾಗಿ ನುಸುಳುತ್ತಿದ್ದ ಹಡಗುಗಳು ಕೊಲಂಬೊ ಕಡೆ ತಿರುಗಿದವು. ಕಂಟೇನರ್ ಹಡಗುಗಳು ಬೆಳೆಯುತ್ತ ಹೋದಂತೆ ಗೋಡೆಯೊಳಗಿನ ಆ ಹಳೆಯ ಕೊಳ ಸಾಲದಾಯಿತು. 2008ರಿಂದ 2012ರವರೆಗೆ, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ, ಅದರ ಪಕ್ಕದಲ್ಲಿ ಒಟ್ಟು ಸುಮಾರು 6.8 ಕಿ.ಮೀ. ಉದ್ದದ ಹೊಸ ಗೋಡೆಗಳು ಎದ್ದವು.

ಗೋಡೆಯ ಹೊರಮೈಗೆ ಎಷ್ಟು ಭಾರದ ಕಲ್ಲು ಬೇಕು? ಎಂಜಿನಿಯರುಗಳು ಬಳಸುವ ಹಡ್ಸನ್ ಸೂತ್ರದ ಪ್ರಕಾರ ಆ ಭಾರ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟು ಭಾರವಾಗಬೇಕು. ಅಷ್ಟು ದೊಡ್ಡ ಬಂಡೆ ಗಣಿಯಲ್ಲಿ ಸಿಗುವುದು ಕಷ್ಟ. ಅದಕ್ಕೇ ಆಳದ ಗೋಡೆಗಳಿಗೆ, ಒಂದರೊಳಗೊಂದು ತೋಳು ತೂರಿಸಿ ಹಿಡಿದುಕೊಳ್ಳುವ ಕಾಂಕ್ರೀಟ್ ತುಂಡುಗಳನ್ನು ಹೊದಿಸುತ್ತಾರೆ.

ಕಣ್ಣಿಗೆ ಕಾಣುವ ಅಲೆಗಿಂತ ಕಾಣದ ಅಲೆಯೇ ಹೆಚ್ಚು ಕಾಡುತ್ತದೆ. ಒಂದು ನಿಮಿಷಕ್ಕೂ ಮೀರಿದ ಅವಧಿಯ ನಿಧಾನದ ಅಲೆ ಬಂದರಿನ ಬಾಯಿಯಿಂದ ಒಳಹೊಕ್ಕು, ಕೊಳದ ಉದ್ದಗಲಕ್ಕೆ ಅದರ ಲಯ ಹೊಂದಿಕೊಂಡರೆ, ಒಳಗಿನ ನೀರೆಲ್ಲ ಅತ್ತಿಂದಿತ್ತ ತೂಗಾಡತೊಡಗುತ್ತದೆ. ನೀರಿನ ಮೇಲ್ಮೈ ಶಾಂತವಾಗಿಯೇ ಇರುತ್ತದೆ, ಆದರೆ ಕಟ್ಟಿಹಾಕಿದ ಹಡಗು ಹಿಂದೆಮುಂದೆ ಜಾರುತ್ತದೆ. ಮೀಟರಿನಷ್ಟು ಜಾರಿದರೂ ಸಾಕು, ಪೆಟ್ಟಿಗೆಯ ನಾಲ್ಕು ಮೂಲೆಗಳನ್ನು ಹಿಡಿಯಬೇಕಾದ ಕ್ರೇನಿನ ವೇಗ ಕುಸಿಯುತ್ತದೆ. ಗೋಡೆಗಳ ಕೋನವನ್ನೂ ಬಾಯಿಯ ಅಗಲವನ್ನೂ ಕಂಪ್ಯೂಟರಿನಲ್ಲಿ, ಅಲೆತೊಟ್ಟಿಯ ಮಾದರಿಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸುವುದು ಇದಕ್ಕಾಗಿಯೇ. ಇಡೀ ವಿನ್ಯಾಸದಲ್ಲಿ ನನಗೆ ಅತಿ ಸೊಗಸೆನಿಸುವ ಭಾಗ ಇದು.

ಇನ್ನು ಆಳ. ದೊಡ್ಡ ಕಂಟೇನರ್ ಹಡಗು 400 ಮೀಟರ್ ಉದ್ದ, ತುಂಬಿದಾಗ ನೀರಿನೊಳಗೆ ಸುಮಾರು 16 ಮೀಟರ್. ಕೊಲಂಬೊದ ಹೊಸ ಕೊಳದ ಆಳ 18 ಮೀಟರ್, ಹೊರಗಿನ ಪ್ರವೇಶ ಕಾಲುವೆಯದು 20. ಕಾಲುವೆ ಹೆಚ್ಚು ಆಳವಿರಬೇಕು, ಏಕೆಂದರೆ ಹೊರಗೆ ಅಲೆಗೆ ಹಡಗು ಏಳುಬೀಳುತ್ತದೆ. ಜೊತೆಗೆ, ಚಲಿಸುವ ಹಡಗಿನ ಅಡಿಯಲ್ಲಿ ನೀರು ವೇಗವಾಗಿ ಹರಿದು ಒತ್ತಡ ತಗ್ಗುವುದರಿಂದ ಹಡಗು ಇನ್ನಷ್ಟು ಕೆಳಗಿಳಿಯುತ್ತದೆ. ಈ ಹೊಸ ಕೊಳದಲ್ಲಿ 2013ರಲ್ಲಿ ತೆರೆದ ಮೊದಲ ಆಳನೀರಿನ ಟರ್ಮಿನಲ್ಲಿನ ಕಟ್ಟೆಯ ಉದ್ದ 1,200 ಮೀಟರ್.

ಸರಕು ಬದಲಾಯಿಸುವ ಬಂದರಿನಲ್ಲಿ ಯಾರ್ಡಿನ ಲೆಕ್ಕವೂ ಬೇರೆ. ಊರಿನತ್ತ ತೆರೆಯುವ ಗೇಟಿಗಿಂತ, ತಾಯಿಹಡಗಿನಿಂದ ಇಳಿದ ಪೆಟ್ಟಿಗೆ ಸಣ್ಣ ಫೀಡರ್ ಹಡಗು ಬರುವತನಕ ಎಲ್ಲಿ ಕಾಯಬೇಕು ಎಂಬುದೇ ಮುಖ್ಯ. ಅಟ್ಟಿಯ ತಳದಲ್ಲಿ ಸಿಕ್ಕಿಕೊಂಡ ಒಂದನ್ನು ತೆಗೆಯಲು ಮೇಲಿನವನ್ನೆಲ್ಲ ಕದಲಿಸಬೇಕು. ಅದರಿಂದ ಯಾರಿಗೂ ಆದಾಯವಿಲ್ಲ.

ಅಪಾಯದ ಸರಕಿಗೆ ಜಾಗ ಮೀಸಲಿಡುವುದನ್ನು ನಾನು ಆಳದಷ್ಟೇ ಗಂಭೀರ ಪ್ರಶ್ನೆ ಎಂದು ಭಾವಿಸುತ್ತೇನೆ. 2021ರ ಮೇ ತಿಂಗಳಲ್ಲಿ ಕೊಲಂಬೊ ಹೊರಗೆ ಲಂಗರು ಹಾಕಿದ್ದ ಎಕ್ಸ್‌-ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಹತ್ತಿತು. ಅದರಲ್ಲಿದ್ದ ಕಂಟೇನರೊಂದರಿಂದ ನೈಟ್ರಿಕ್ ಆಮ್ಲ ಮೊದಲೇ ಸೋರುತ್ತಿತ್ತು. ಕತಾರಿನ ಹಮದ್, ಗುಜರಾತಿನ ಹಜೀರಾ ಬಂದರುಗಳಲ್ಲಿ ಅದನ್ನು ಇಳಿಸಿಕೊಂಡಿರಲಿಲ್ಲ. ಹಡಗು ಮುಳುಗಿತು, ಸಾವಿರಕ್ಕೂ ಹೆಚ್ಚು ಟನ್ ಪ್ಲಾಸ್ಟಿಕ್ ಹರಳುಗಳು ಕಡಲು ಸೇರಿದವು, ಪಶ್ಚಿಮ ತೀರದ ಮೀನುಗಾರಿಕೆ ನಿಂತಿತು. ಸೋರುವ ಪೆಟ್ಟಿಗೆಯನ್ನು ಇಳಿಸಿ, ಬೇರ್ಪಡಿಸಿ, ಶಮನಗೊಳಿಸುವ ಒಂದು ಕಟ್ಟೆ ಇಂಥ ಪ್ರತಿ ಬಂದರಿನ ಮೊದಲ ನಕ್ಷೆಯಲ್ಲೇ ಇರಬೇಕು.