ಕಿಣ್ವವೆಂಬ ಕತ್ತರಿ

ನಾವು ಉಂಡ ತೊವ್ವೆಯೂ ಕುಡಿದ ಹಾಲೂ ಹೊಟ್ಟೆಯಲ್ಲಿ ಜೀರ್ಣವಾಗುವುದನ್ನು ವಾಚಕರೆಲ್ಲರೂ ಬಲ್ಲರು. ಅವುಗಳಲ್ಲಿರುವ ಪ್ರೋಟೀನನ್ನು ಜಠರದ ಪೆಪ್ಸಿನ್, ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್ ಮೊದಲಾದ ಕಿಣ್ವಗಳು ತುಂಡುತುಂಡಾಗಿ ಕತ್ತರಿಸುವುವು. ಇದೇ ಜೀರ್ಣಕ್ರಿಯೆಯನ್ನು ಗಾಜಿನ ನಳಿಗೆಯಲ್ಲಿ ನಡೆಯಿಸಿ, ರೋಗದ ಮೂಲವನ್ನು ಕಂಡುಹಿಡಿಯಬಹುದೆಂದರೆ ಕೆಲವರಿಗೆ ಆಶ್ಚರ್ಯವಾದೀತು.

ಪ್ರೋಟೀನೆಂಬುದು ಹೂಮಾಲೆಯಂತೆ. ಅಮೈನೋ ಆಮ್ಲಗಳೆಂಬ 20 ಬಗೆಯ ಹೂಗಳಿಂದ ಅದು ಕಟ್ಟಲ್ಪಟ್ಟಿರುವುದು. ಯಾವ ಹೂವಿನ ಬಳಿಕ ಯಾವುದೆಂಬ ಕ್ರಮದಿಂದಲೇ ಅದರ ಗುಣವು ನಿರ್ಣಯವಾಗುವುದು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹೀಮೊಗ್ಲೋಬಿನ್ನಿನಲ್ಲಿ ಬೀಟಾ ಎಂಬ ಮಾಲೆಯುಂಟು. ಅದರಲ್ಲಿ 146 ಹೂಗಳಿವೆ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಬಂದು ಕುಳಿತರೆ, ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ತಾಳಲಾರದ ನೋವನ್ನೂ ರಕ್ತಹೀನತೆಯನ್ನೂ ಉಂಟುಮಾಡುವುವು. ತಂದೆತಾಯಿಗಳಿಬ್ಬರಿಂದಲೂ ಈ ದೋಷವನ್ನು ಪಡೆದ ಕೂಸಿಗೆ ರೋಗವು ತಪ್ಪದು. ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದು ಇರುವುದೆಂದು 1952ರಲ್ಲಿ ಪ್ರಕಟವಾಯಿತು.

ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದವರು ಕೇಂಬ್ರಿಡ್ಜಿನಲ್ಲಿದ್ದ ವೆರ್ನನ್ ಇನ್‌ಗ್ರಾಮ್ ಎಂಬ ವಿದ್ವಾಂಸರು. ಅವರು ಹೀಮೊಗ್ಲೋಬಿನ್ನನ್ನು ಟ್ರಿಪ್ಸಿನ್ನಿನಿಂದ ಕತ್ತರಿಸಿ, ತುಂಡುಗಳನ್ನು ಕಾಗದದ ಮೇಲೆ ಹರಡಿ, ಆರೋಗ್ಯವಂತರದಕ್ಕೂ ರೋಗಿಗಳದಕ್ಕೂ ಒಂದೇ ತುಂಡಿನಲ್ಲಿ ಭೇದವಿರುವುದನ್ನು 1956ರಲ್ಲಿ ತೋರಿಸಿದರು. ಆ ಭೇದವೇನೆಂಬುದನ್ನು ಮರುವರ್ಷ ತಿಳಿಸಿದರು.

ಈಗ ಕಾಗದದ ಬದಲಿಗೆ ಮಾಸ್ ಸ್ಪೆಕ್ಟ್ರೋಮೀಟರು ಎಂಬ ಯಂತ್ರವಿದೆ. ಇದೊಂದು ಅತಿ ಸೂಕ್ಷ್ಮವಾದ ತಕ್ಕಡಿ. ತುಂಡುಗಳಿಗೆ ವಿದ್ಯುತ್ತನ್ನು ತುಂಬಿ ನಿರ್ವಾತದಲ್ಲಿ ಓಡಿಸಿದರೆ, ಅವುಗಳ ಚಲನೆಯಿಂದ ತೂಕವು ತಿಳಿದುಬರುವುದು. ತೂಗಿದ ತುಂಡನ್ನೇ ಮತ್ತೆ ಅನಿಲಕ್ಕೆ ತಾಗಿಸಿ ಒಡೆದು, ಚೂರುಗಳ ತೂಕಗಳನ್ನು ಹೋಲಿಸಿದರೆ, ಹೂಗಳ ಕ್ರಮವನ್ನು ಒಂದೊಂದಾಗಿ ಓದಬಹುದು.

ಆದರೆ ಇಡಿಯ ಮಾಲೆಯನ್ನು ಹೀಗೆ ಓದುವುದು ಕಷ್ಟ. ಆದುದರಿಂದಲೇ ಮೊದಲು ಕತ್ತರಿ ಬೇಕು. ಟ್ರಿಪ್ಸಿನ್ ಸಿಕ್ಕಸಿಕ್ಕಲ್ಲಿ ಕತ್ತರಿಸುವುದಿಲ್ಲ. ಲೈಸೀನ್ ಮತ್ತು ಆರ್ಜಿನೀನ್ ಎಂಬ ಎರಡರ ಬಳಿಕ ಮಾತ್ರ ಕತ್ತರಿಸುವುದು. ಮುಂದಿನದು ಪ್ರೋಲೀನ್ ಆಗಿದ್ದರೆ ಅಲ್ಲಿಯೂ ಸಾಮಾನ್ಯವಾಗಿ ತಡೆಯುವುದು. ಪ್ರೋಟೀನಿನ ಗಂಟುಗಳನ್ನು ಮೊದಲು ಬಿಡಿಸಿ, 50 ಭಾಗಕ್ಕೆ 1 ಭಾಗದಂತೆ ಟ್ರಿಪ್ಸಿನ್ ಸೇರಿಸಿ, ಸ್ವಲ್ಪ ಕ್ಷಾರವುಳ್ಳ ನೀರಿನಲ್ಲಿ, ಮೈಯ ಶಾಖವಾದ 37 ಡಿಗ್ರಿಯಲ್ಲಿ, ಹಾಲಿಗೆ ಹೆಪ್ಪು ಹಾಕಿಟ್ಟಂತೆ ರಾತ್ರಿಯಿಡೀ ಬಿಡುವುದು ರೂಢಿ. ಕೆಲಸಗಾರನ ಕೂದಲಿನ ಅಥವಾ ಚರ್ಮದ ಪುಡಿ ಬಿದ್ದರೆ, ಕಿಣ್ವವು ಅದರ ಪ್ರೋಟೀನನ್ನೂ ಕತ್ತರಿಸಿ ಲೆಕ್ಕವನ್ನು ಕೆಡಿಸುವುದಾದ್ದರಿಂದ ಮಡಿಯಲ್ಲಿರುವಷ್ಟೇ ಎಚ್ಚರಿಕೆ ಬೇಕು.

ಹೀಗೆ ಕತ್ತರಿಸಿದ ಬೀಟಾ ಮಾಲೆಯ ಮೊದಲನೆಯ ತುಂಡಿನಲ್ಲಿ 8 ಹೂಗಳು. ಜಲಜನಕದ ಪರಮಾಣುವಿನ ತೂಕವನ್ನು ಸುಮಾರು 1 ಎಂದೆಣಿಸಿದರೆ, ಆರೋಗ್ಯವಂತರ ಈ ತುಂಡಿನ ತೂಕ 951.5, ರೋಗಿಯದು 921.5. ಮೂವತ್ತರ ಈ ಕೊರತೆಯೇ ರೋಗದ ಗುರುತು.

ತುಂಡುಗಳನ್ನು ಓದಿದರೂ ಯಾವುದರ ಮುಂದೆ ಯಾವುದೆಂಬುದು ಒಂದೇ ಕತ್ತರಿಯಿಂದ ತಿಳಿಯದು. ಆಗ ಮಾಲೆಯ ಇನ್ನೊಂದು ಪ್ರತಿಯನ್ನು ಬೇರೊಂದು ಕಿಣ್ವಕ್ಕೆ ಒಪ್ಪಿಸಬೇಕು. ಸ್ಟಾಫಿಲೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ದೊರೆಯುವ ಗ್ಲು-ಸಿ ಕಿಣ್ವವು ಗ್ಲುಟಾಮಿಕ್ ಆಮ್ಲದ ಬಳಿಕ ಕತ್ತರಿಸುವುದು. ಅದು ಕೊಡುವ ಒಂದು ತುಂಡು ಎಂಟನೆಯ ಹೂವಿನಿಂದ ಇಪ್ಪತ್ತೆರಡನೆಯದರವರೆಗೆ ಇರುವುದು. ಟ್ರಿಪ್ಸಿನ್ನಿನ ಮೊದಲ ತುಂಡಿನ ಕೊನೆ, ಎರಡನೆಯದು ಪೂರ್ತಿ, ಮೂರನೆಯದರ ಆರಂಭ, ಇಷ್ಟೂ ಅದರಲ್ಲಿ ಅಡಗಿರುವುದರಿಂದ ಮೂರರ ಅನುಕ್ರಮವು ಸಿದ್ಧವಾಗುವುದು. ಲ್ಯೂಸೀನ್, ಐಸೊಲ್ಯೂಸೀನ್ ಎಂಬೆರಡರ ತೂಕ ಮಾತ್ರ ಸರಿಸಮ. ಅವುಗಳ ಭೇದವನ್ನು ಬರಿಯ ತೂಕದಿಂದ ಅರಿಯಲಾಗದು.

ಈ ವಿದ್ಯೆಯಿಂದ ಸಂಸಾರಿಗಳಿಗೇನು ಪ್ರಯೋಜನವೆಂದು ಕೇಳಬಹುದು. ಬ್ರಿಟನ್ನಿನ ಕೆಲವು ಪ್ರಯೋಗಶಾಲೆಗಳಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಒಣಚುಕ್ಕೆಯನ್ನೇ ಟ್ರಿಪ್ಸಿನ್ನಿನಿಂದ ಜೀರ್ಣಿಸಿ, ಈ ಯಂತ್ರದಿಂದ ಕುಡುಗೋಲುಕಣದ ದೋಷವನ್ನು ಪರೀಕ್ಷಿಸಿರುವರು. ನಮ್ಮ ದೇಶದಲ್ಲಿಯೂ ಈ ರೋಗವನ್ನು ನಿವಾರಿಸುವ ರಾಷ್ಟ್ರೀಯ ಕಾರ್ಯವು 2023ರಲ್ಲಿ ಆರಂಭವಾಯಿತು. ಹಳ್ಳಿಗಳ ತಪಾಸಣೆಗೆ ಇದಕ್ಕಿಂತ ಸುಲಭವಾದ ವಿಧಾನಗಳುಂಟು. ವಿಧಾನ ಯಾವುದಾದರೇನು? ನೋವು ತಲೆದೋರುವ ಮುನ್ನವೇ ದೋಷವು ತಿಳಿದರೆ, ಎಳೆತನದಲ್ಲಿಯೇ ಪೆನಿಸಿಲಿನ್ ಮೊದಲಾದ ರಕ್ಷಣೆಯನ್ನು ಕೊಟ್ಟು ಮಗುವನ್ನು ಉಳಿಸಿಕೊಳ್ಳಬಹುದು. ಒಂದು ಹೂವಿನ ತಪ್ಪನ್ನು ತಿಳಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.