ಮಾಂಸದ ಕೋಳಿಯ ಬೆಳವಣಿಗೆ ಮತ್ತು ಅಕಾಲಮರಣ

ಪುಣೆಯಿಂದ ಸೊಲ್ಲಾಪುರದ ಹಾದಿ ಹಿಡಿದು ಹೊರಟರೆ ಉರುಳಿ ಕಾಂಚನವೆಂಬ ಊರು ಸಿಗುತ್ತದೆ. 1946ರಲ್ಲಿ ಗಾಂಧೀಜಿಯವರು ಅಲ್ಲಿ ನಿಸರ್ಗೋಪಚಾರವನ್ನು ಆರಂಭಿಸಿದರೆಂಬುದು ನಮ್ಮಲ್ಲಿ ಬಹುಜನರಿಗೆ ಗೊತ್ತು. ಕುಕ್ಕುಟಪಾಲನೆಯನ್ನು ಕಲಿಸುವ ಡಾ. ಬಿ. ವಿ. ರಾವ್ ಸಂಸ್ಥೆಯೂ ಅದೇ ಊರಿನದೆಂಬುದು ಅಷ್ಟಾಗಿ ತಿಳಿದಿಲ್ಲ. ಮಿತಾಹಾರದಿಂದ ದೇಹವನ್ನು ಕಾಯುವ ವಿದ್ಯೆ ಒಂದು. ಅತಿ ಬೇಗ ಮಾಂಸ ತುಂಬಿಸುವ ವಿದ್ಯೆ ಇನ್ನೊಂದು. ಎರಡನೆಯದು ಮೊದಲನೆಯದರಿಂದ ಕಲಿಯಬೇಕಾದುದು ಉಂಟೆಂಬುದು ಮುಂದೆ ಕಂಡುಬರುವುದು.

ನೌಕರಿಯಿಂದ ನಿವೃತ್ತರಾದ ನಮ್ಮವರು ಕೆಲವರು ಪ್ರಾವಿಡೆಂಟ್ ಫಂಡಿನ ಹಣವನ್ನು ತೊಡಗಿಸಿ, ಊರ ಕಡೆಯ ಹೊಲದಲ್ಲಿ ಕೋಳಿಯ ಶೆಡ್ಡು ಕಟ್ಟಿಸುವ ವಿಚಾರ ಮಾಡುವುದುಂಟು. ಲೆಕ್ಕ ಬಹಳ ಸೊಗಸಾಗಿರುತ್ತದೆ. ಸುಮಾರು 40 ಗ್ರಾಮಿನ ಮರಿ ಆರು ವಾರಗಳೊಳಗೆ 2 ಕಿಲೋ ಮೀರುತ್ತದೆ. ಆ ಲೆಕ್ಕದಲ್ಲಿ ಬಾರದುದು ಒಂದೇ: 38ನೆಯ ದಿನ ಸತ್ತ ಕೋಳಿ ಅಷ್ಟರಲ್ಲಿ 3 ಕಿಲೋದಷ್ಟು ಆಹಾರವನ್ನು ತಿಂದು ಮುಗಿಸಿರುತ್ತದೆ. ಎಳೆಯ ಮರಿ ಸತ್ತರೆ ಮರಿಯ ಬೆಲೆ ಹೋಯಿತು. ಬೆಳೆದದ್ದು ಸತ್ತರೆ ಎಲ್ಲವೂ ಹೋಯಿತು.

ಈ ಕೋಳಿ ನಮ್ಮ ಹಿತ್ತಲಿನ ನಾಟಿ ಕೋಳಿಯಲ್ಲ. ಕಾರ್ನಿಷ್ ಹುಂಜ ಮತ್ತು ಬಿಳಿಯ ಪ್ಲಿಮತ್ ರಾಕ್ ಹೇಂಟೆಗಳ ವಂಶಗಳಿಂದ, ತಲೆಮಾರು ತಲೆಮಾರಾಗಿ ಆರಿಸಿ ತೆಗೆದ ಸಂಕರ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯೊಂದನ್ನು ಹಾಗೆಯೇ ಉಳಿಸಿಕೊಂಡು, 2005ರ ತಳಿಯೊಡನೆ ಒಂದೇ ಆಹಾರ ಕೊಟ್ಟು ಬೆಳೆಸಿ ನೋಡಿದರು. 56 ದಿನಗಳಲ್ಲಿ ಹಳೆಯದು 905 ಗ್ರಾಂ ತೂಗಿತು. ಹೊಸದು 4 ಕಿಲೋ ಮೀರಿತು. ಮಾಂಸ ಬೆಳೆದ ಪ್ರಮಾಣದಲ್ಲಿ ಹೃದಯದ ಮತ್ತು ಶ್ವಾಸಕೋಶದ ಶಕ್ತಿ ಬೆಳೆಯಲಿಲ್ಲ. ಅಕಾಲಮರಣದ ಬೇರು ಬಹುಮಟ್ಟಿಗೆ ಇಲ್ಲಿಯೇ ಇದೆ.

ಬೆಳಗಿನಲ್ಲಿ ಶೆಡ್ಡಿಗೆ ಹೋದಾಗ ಒಳ್ಳೆಯ ಮೈಕಟ್ಟಿನ ಹುಂಜವೊಂದು ಅಂಗಾತ ಬಿದ್ದಿರುತ್ತದೆ. ಕತ್ತಿನ ಚೀಲದಲ್ಲಿ ಆಹಾರ ತುಂಬಿರುತ್ತದೆ, ರೋಗದ ಕುರುಹಿಲ್ಲ. ಹೃದಯದ ಬಡಿತ ತಪ್ಪಿ, ರೆಕ್ಕೆ ಬಡಿದು, ಒಂದೆರಡು ನಿಮಿಷಗಳೊಳಗೆ ಸತ್ತಿರುತ್ತದೆ. ವಿಷವಿಕ್ಕಿದರೆಂದು ನೆರೆಯವರನ್ನು ಶಂಕಿಸಿದವರೂ ಇದ್ದಾರೆ! ಹೊಟ್ಟೆಯಲ್ಲಿ ನೀರು ತುಂಬಿ ಸಾಯುವುದು ಇದರ ಸಮೀಪದ ಬಂಧು. ಕೋಳಿಯ ಶ್ವಾಸಕೋಶವು ಪಕ್ಕೆಲುಬಿಗೆ ಅಂಟಿಕೊಂಡಿದ್ದು ನಮ್ಮದರಂತೆ ಹಿಗ್ಗಲಾರದು. ಮೈಗೆ ಪ್ರಾಣವಾಯು ಹೆಚ್ಚು ಬೇಕಾದಾಗ ಹೃದಯದ ಬಲಭಾಗವು ಆ ಇಕ್ಕಟ್ಟಿನಲ್ಲಿಯೇ ರಕ್ತವನ್ನು ನೂಕಬೇಕಾಗಿ, ದಣಿದು ಸಡಿಲಾಗುತ್ತದೆ. ಯಕೃತ್ತಿನಿಂದ ದ್ರವ ಒಸರಿ ಹೊಟ್ಟೆಗೆ ಇಳಿಯುತ್ತದೆ. ಚಳಿಯಲ್ಲಿ ಈ ಬೇಡಿಕೆ ಇನ್ನೂ ಹೆಚ್ಚು. ಪುಣೆಯ ಸುತ್ತಲಿನ ಪೌಷ ಮಾಸದ ರಾತ್ರಿಗಳು ಸಾಮಾನ್ಯವಲ್ಲ. ಚಳಿಗೆ ಅಂಜಿ ಪರದೆಗಳನ್ನೆಲ್ಲ ಬಿಗಿದರೆ ಹಾಸಿನಿಂದ ಏಳುವ ಅಮೋನಿಯಾದಲ್ಲಿ ಶ್ವಾಸಕೋಶವೇ ಕೆಡುತ್ತದೆ. ಆದುದರಿಂದ ಮರಿಗಳಿಗೆ ಮೊದಲ ವಾರ ಸುಮಾರು 33 ಡಿಗ್ರಿ ಕಾವು ಕೊಟ್ಟು ವಾರವಾರಕ್ಕೆ ಇಳಿಸುತ್ತ ಬರುವುದರೊಡನೆ, ಪರದೆಯ ಮೇಲಂಚನ್ನು ಸದಾ ತೆರೆದಿಡಬೇಕು.

ಈ ಎರಡಕ್ಕೂ ಔಷಧವಿಲ್ಲ, ಇರುವುದು ಸಂಯಮ. ಎರಡನೆಯ ಮೂರನೆಯ ವಾರಗಳಲ್ಲಿ ಬೆಳವಣಿಗೆಯನ್ನು ತುಸು ತಡೆಯಬೇಕು. ಇಡೀ ರಾತ್ರಿ ದೀಪವುರಿಸಿ ತಿನ್ನಿಸುವ ಲೋಭವನ್ನು ಬಿಟ್ಟು ಆರು ತಾಸಾದರೂ ಕತ್ತಲೆಯನ್ನು ಕೊಡಬೇಕು. ಗುಳಿಗೆಯಾಗಿ ಒತ್ತಿದ ಆಹಾರದ ಬದಲು ಪುಡಿಯನ್ನು ಕೊಟ್ಟರೆ ತಿನ್ನುವುದು ನಿಧಾನವಾಗುತ್ತದೆ. ಹಿಂದುಳಿದ ತೂಕವನ್ನು ಕೋಳಿ ಮುಂದೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ವೈಶಾಖದ ಸಾವು ಬೇರೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ತೇಕುವುದೊಂದೇ ದಾರಿ. ತಿಂದದ್ದು ಜೀರ್ಣವಾಗುವಾಗಲೂ ಮೈಯಲ್ಲಿ ಕಾವು ಹುಟ್ಟುತ್ತದೆ. ಆದುದರಿಂದ ಬಿಸಿಲೇರುವ ಮೊದಲೇ ಆಹಾರವನ್ನು ತೆಗೆದು ಸಂಜೆ ತಂಪಾದ ಮೇಲೆ ಕೊಡಬೇಕು; ತಣ್ಣೀರನ್ನು ಮಾತ್ರ ಎಂದೂ ತಪ್ಪಿಸಬಾರದು. ಒಣ ಬಿಸಿಲಿನಲ್ಲಿ ಒದ್ದೆ ಗೋಣಿ ತಟ್ಟು ಫಲಕೊಡುತ್ತದೆ. ಮಳೆಗೆ ಮುಂಚಿನ ಗಾಳಿಯಿಲ್ಲದ ಸೆಕೆಯಲ್ಲಿ ಅದು ವ್ಯರ್ಥ. ಆಗ ಬೀಸಣಿಗೆಯೇ ಬೇಕು. ಮಾರಾಟದ ವಯಸ್ಸಿಗೆ ಬಂದ ಭಾರದ ಕೋಳಿಗಳೇ ಆ ದಿನ ಮೊದಲು ಬೀಳುವವು.

ಇನ್ನು ಸೋಂಕು. ಕೊಕ್ಕರೆ ರೋಗಕ್ಕೂ ಗಂಬೋರೊ ರೋಗಕ್ಕೂ ಲಸಿಕೆಗಳಿವೆ; ಹೊತ್ತಿಗೆ ಹಾಕಿಸಿದರೆ ಸಾಕು. ಒಂದೆರಡು ಹುಂಜಗಳು ಅಂಗಾತ ಸತ್ತರೆ ಗಾಬರಿ ಬೇಡ. ಆದರೆ ಹಿಂದಿನ ದಿನ ಹಿಂಡು ನೀರು, ಆಹಾರಗಳನ್ನು ಬಿಟ್ಟಿದ್ದು, ಮರುದಿನ ಸಾವು ಇಮ್ಮಡಿಸಿದರೆ ಪಶುವೈದ್ಯರಿಂದ ಶವಪರೀಕ್ಷೆ ಮಾಡಿಸದೆ ಯಾವ ಔಷಧವನ್ನೂ ಕೊಡಬಾರದು. 2006ರ ಫೆಬ್ರುವರಿಯಲ್ಲಿ ಇದೇ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರವು ದೇಶದಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಲಕ್ಷಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಯಿತು. ಸತ್ತ ಕೋಳಿಯನ್ನು ಅಗ್ಗಕ್ಕೆ ಮಾರುವುದೂ ಹಳ್ಳಕ್ಕೆ ಎಸೆಯುವುದೂ ಅಪರಾಧವೆಂದೇ ನನ್ನ ಮತ. ಆಳವಾದ ಕುಣಿ ತೋಡಿ, ಸುಣ್ಣ ಹಾಕಿ, ನಾಯಿ ಕೆದರದಂತೆ ಮುಚ್ಚಬೇಕು.